ಕಂಪನಿ ಮುಚ್ಚಿತು, ಕಾರು ಉಳಿಯಿತು

"ಇಂಗ್ಲಿಷರು ಬಿಯರನ್ನ ಯಾಕೆ ಬೆಚ್ಚಗೆ ಕುಡೀತಾರೆ ಗೊತ್ತಾ?"
"ಅವರ ಫ್ರಿಜ್ಜು ಮಾಡಿದ್ದು ಲೂಕಾಸ್ ಕಂಪನಿ, ಅದಕ್ಕೆ!"

ಹಳೆಯ ಬ್ರಿಟಿಷ್ ಕಾರುಗಳ ಹುಚ್ಚಿರುವವರ ಹತ್ತಿರ ಹತ್ತು ನಿಮಿಷ ಮಾತಾಡಿ ನೋಡಿ, ಈ ಜೋಕು ಬಂದೇ ಬರುತ್ತೆ. ಲೂಕಾಸ್ ಅಂದರೆ ಬರ್ಮಿಂಗ್‌ಹ್ಯಾಮಿನ ಜೋಸೆಫ್ ಲೂಕಾಸ್ ಕಟ್ಟಿದ ಕಂಪನಿ. ಬೀದಿಯಲ್ಲಿ ಸೀಮೆಎಣ್ಣೆ ಮಾರುತ್ತಿದ್ದ ಆಸಾಮಿ ಮುಂದೆ ಸೈಕಲ್ಲಿಗೆ ದೀಪ ಮಾಡಿ ಅದಕ್ಕೆ 'ಕಿಂಗ್ ಆಫ್ ದಿ ರೋಡ್' ಅಂತ ಹೆಸರಿಟ್ಟ. ಕಾರುಗಳ ಕಾಲ ಬಂದಾಗ ಬ್ರಿಟನ್ನಿನ ಹೆಚ್ಚಿನ ಕಾರುಗಳಿಗೆ ಡೈನಮೊ, ಸ್ವಿಚ್ಚು, ದೀಪ ಎಲ್ಲ ಅವನ ಕಂಪನಿಯದ್ದೇ. ನಡುದಾರಿಯಲ್ಲಿ ದೀಪ ಆರಿ ಕತ್ತಲಲ್ಲಿ ನಿಂತವರು ಕಂಪನಿಗೆ 'ಪ್ರಿನ್ಸ್ ಆಫ್ ಡಾರ್ಕ್‌ನೆಸ್' ಅಂತ ಮರುನಾಮಕರಣ ಮಾಡಿದರು. ರಸ್ತೆಯ ರಾಜ ಕತ್ತಲೆಯ ರಾಜಕುಮಾರನಾದ ಕಥೆ ಇದು :-)

ಹೀಗೆ ಬೈಸಿಕೊಂಡ ಕಾರುಗಳ ಪೈಕಿ ಮುಖ್ಯವಾದವು ಎಂಜಿ, ಟ್ರಯಂಫ್, ಆಸ್ಟಿನ್-ಹೀಲಿ. ಎರಡು ಸೀಟು, ತೆಗೆದು ಮಡಚುವ ಮೇಲ್ಛಾವಣಿ, ಉದ್ದ ಮೂತಿಯ ಸ್ಪೋರ್ಟ್ಸ್ ಕಾರುಗಳು. ನಮ್ಮಲ್ಲಿ 2019ರಿಂದ ಎಂಜಿ ಹೆಕ್ಟರ್ ಓಡಾಡುತ್ತಿದೆಯಲ್ಲ, ಅದರ ಮೂತಿಯ ಮೇಲಿರುವ ಎಂಟು ಮೂಲೆಯ ಚಿಹ್ನೆ ಇದೇ ಮನೆತನದ್ದು. ಆದರೆ ಮನೆತನದ ಹೆಸರು ಮಾತ್ರ ಉಳಿದು ಚೀನಾದ ಕಂಪನಿಯ ಕೈಸೇರಿದೆ. ಆ ಹಳೆಯ ಕಾರುಗಳನ್ನು ಕಟ್ಟುತ್ತಿದ್ದ ಅಬಿಂಗ್ಡನ್ ಊರಿನ ಕಾರ್ಖಾನೆ 1980ರಲ್ಲೇ ಬಾಗಿಲು ಹಾಕಿತು. ಹಾಗಿದ್ದೂ 60ರ ದಶಕದ ಎಂಜಿಬಿಗಳು ಇವತ್ತಿಗೂ ಬ್ರಿಟನ್, ಅಮೆರಿಕಗಳ ರಸ್ತೆಗಳಲ್ಲಿ ಓಡುತ್ತಿವೆ. ಅವುಗಳಲ್ಲಿ ಎಷ್ಟೋ ಕಾರುಗಳ ರಿಪೇರಿ ನಡೆಯುವುದು ಮನೆಯ ಗ್ಯಾರೇಜಿನಲ್ಲಿ, ಮಾಲೀಕನ ಕೈಯಲ್ಲೇ.

ಕೆಟ್ಟ ಹೆಸರು ಹೊತ್ತ ಕಾರು, ಮಾಡಿದ ಕಂಪನಿಗಿಂತ ನಲವತ್ತೈದು ವರ್ಷ ಹೆಚ್ಚು ಬದುಕಿದ್ದು ಹೇಗೆ? ಬೇರೆಯವರು ಬರೆದುಬಿಟ್ಟು ಹೋದ ಹಳೇ ಕೋಡು ರಿಪೇರಿ ಮಾಡಿ ಹೊಟ್ಟೆ ಹೊರೆಯುವ ನನಗೆ ಈ ಪ್ರಶ್ನೆ ತಲೆ ತಿನ್ನದೆ ಇದ್ದೀತೇ?

ಸ್ವಲ್ಪ ಹಿಂದಿನಿಂದ ಶುರು ಮಾಡೋಣ. ಎಂಜಿ ಅಂದರೆ ಮಾರಿಸ್ ಗ್ಯಾರೇಜಸ್. ಆಕ್ಸ್‌ಫರ್ಡಿನ ವಿಲಿಯಂ ಮಾರಿಸ್‌ನ ಕಾರು ಮಾರುವ ಅಂಗಡಿ. ಅಲ್ಲಿ ಮ್ಯಾನೇಜರ್ ಆಗಿದ್ದ ಸೆಸಿಲ್ ಕಿಂಬರ್ ಎಂಬಾತ 1920ರ ದಶಕದಲ್ಲಿ ಮಾರಿಸ್‌ನ ಸಾಧಾರಣ ಕಾರುಗಳ ಚಾಸಿ ತೆಗೆದುಕೊಂಡು ಅದರ ಮೇಲೆ ಚೂಪು ಮೈಯ ಬಾಡಿ ಕೂರಿಸಿ ಮಾರಲು ಶುರುಮಾಡಿದ. 1929ರಲ್ಲಿ ಕಾರ್ಖಾನೆ ಅಬಿಂಗ್ಡನ್‌ಗೆ ಬಂತು. ಸಾಧಾರಣ ಕಾರಿನ ಭಾಗಗಳಿಂದ ಸ್ಪೋರ್ಟ್ಸ್ ಕಾರು ಕಟ್ಟುವ ಈ ಜಿಪುಣತನ ಕೊನೆಯವರೆಗೂ ಹೋಗಲಿಲ್ಲ. ಮುಂದೆ ಅದೇ ಈ ಕಾರುಗಳನ್ನು ಕಾಪಾಡಿತು ಅನ್ನೋದು ಬೇರೆ ಮಾತು.

ಎರಡನೇ ಮಹಾಯುದ್ಧ ಮುಗಿದಾಗ ಬ್ರಿಟನ್ ಸಾಲದಲ್ಲಿ ಮುಳುಗಿತ್ತು. ಕಾರು ರಫ್ತು ಮಾಡಿದವರಿಗೇ ಉಕ್ಕು ಸಿಗುವ ಪರಿಸ್ಥಿತಿ. 1945ರಲ್ಲಿ ಬಂದ ಎಂಜಿ ಟಿಸಿ ಸುಮಾರು 10 ಸಾವಿರ ತಯಾರಾಯಿತು. ಆಮೇಲೆ 1955ರಲ್ಲಿ ಎಂಜಿಎ, 1962ರಲ್ಲಿ ಎಂಜಿಬಿ. ಎಂಜಿಬಿ ಒಂದೇ 5 ಲಕ್ಷಕ್ಕೂ ಹೆಚ್ಚು, ಅದರಲ್ಲಿ ದೊಡ್ಡ ಪಾಲು ಅಮೆರಿಕಕ್ಕೆ ಹೋಯಿತು.

ಈ ಸ್ಪೋರ್ಟ್ಸ್ ಕಾರುಗಳ ಬಾನೆಟ್ಟಿನ ಕೆಳಗೆ ಏನಿತ್ತು ಅಂದುಕೊಂಡಿರಿ? ಎಂಜಿಎಯಲ್ಲಿದ್ದದ್ದು 1489 ಸಿಸಿಯ 'ಬಿ-ಸೀರೀಸ್' ಎಂಜಿನ್ನು. ಮಾರಿಸ್ ಆಕ್ಸ್‌ಫರ್ಡ್ ಎಂಬ ಸಂಸಾರಸ್ಥರ ಕಾರಿನಲ್ಲಿದ್ದದ್ದೂ ಇದೇ. ಆ ಆಕ್ಸ್‌ಫರ್ಡ್ ಇಂಡಿಯಾಕ್ಕೆ ಬಂದು ಅಂಬಾಸಿಡರ್ ಆಯಿತಲ್ಲ, ಅದಕ್ಕೂ 1959ರಲ್ಲಿ ಇದೇ 1489 ಸಿಸಿ ಎಂಜಿನ್ನು ಬಂತು. ಅಂದರೆ ನಮ್ಮೂರಿನ ಬಸ್‌ಸ್ಟ್ಯಾಂಡಿನಲ್ಲಿ ಹತ್ತು ಜನರನ್ನು ತುಂಬಿಕೊಂಡು ಹೊರಡುತ್ತಿದ್ದ ಟ್ಯಾಕ್ಸಿಯೂ ಕ್ಯಾಲಿಫೋರ್ನಿಯಾದ ಕಡಲತೀರದಲ್ಲಿ ಮೆರೆಯುತ್ತಿದ್ದ ಎಂಜಿಎಯೂ ಹೃದಯದಲ್ಲಿ ಅಣ್ಣತಮ್ಮಂದಿರು! ಟ್ರಯಂಫ್‌ನ ಕಥೆಯೂ ಹಾಗೇ. 1962ರಲ್ಲಿ ಬಂದ ಟ್ರಯಂಫ್ ಸ್ಪಿಟ್‌ಫೈರ್‌ನ ಮೂಲ ಟ್ರಯಂಫ್ ಹೆರಾಲ್ಡ್. ಆ ಹೆರಾಲ್ಡನ್ನೇ ಮದರಾಸಿನ ಸ್ಟ್ಯಾಂಡರ್ಡ್ ಕಂಪನಿ 'ಸ್ಟ್ಯಾಂಡರ್ಡ್ ಹೆರಾಲ್ಡ್' ಅಂತ ಮಾಡಿ ಮಾರಿತು. ನಿಮ್ಮ ತಾತನ ಕಾಲದ ಡಾಕ್ಟರೋ ವಕೀಲರೋ ಒಬ್ಬರ ಹತ್ತಿರ ಇದ್ದಿರಬಹುದು, ಮನೆಯಲ್ಲಿ ಕೇಳಿ ನೋಡಿ.

ಈ ಕಾರುಗಳನ್ನು ಕೊಂಡವರಿಗೆ, ಅದರಲ್ಲೂ ಸೆಕೆಂಡ್ ಹ್ಯಾಂಡ್ ಕೊಂಡ ಹುಡುಗರಿಗೆ, ಗ್ಯಾರೇಜಿಗೆ ಕೊಡುವಷ್ಟು ದುಡ್ಡಿರಲಿಲ್ಲ. ಕಾರಿಗೋ ಮೂರು ಸಾವಿರ ಮೈಲಿಗೊಮ್ಮೆ ಆಯಿಲ್ ಬದಲಿಸಬೇಕು, ಮುಂದಿನ ಚಕ್ರಗಳ ಹತ್ತಿರದ ನಿಪ್ಪಲ್‌ಗಳಿಗೆ ಗ್ರೀಸ್ ಹೊಡೆಯಬೇಕು, ಪಾಯಿಂಟ್ ಉಜ್ಜಬೇಕು, ವಾಲ್ವ್ ಸರಿಮಾಡಬೇಕು. ಹಾಗಾಗಿ ಭಾನುವಾರ ಬೆಳಿಗ್ಗೆ ಮನೆ ಮುಂದೆ ಕಾರಿನ ಕೆಳಗೆ ಮಲಗುವುದು ಹುಚ್ಚಿಗಿಂತ ಹೆಚ್ಚಾಗಿ ಅನಿವಾರ್ಯವಾಗಿತ್ತು.

ಇಲ್ಲಿಗೆ ಬರುತ್ತಾನೆ ನನ್ನ ಕಥಾನಾಯಕ, ಜಾನ್ ಹೇನ್ಸ್. ಹುಟ್ಟಿದ್ದು 1938ರಲ್ಲಿ ಸಿಲೋನಿನಲ್ಲಿ. ಇನ್ನೂ ಶಾಲೆಯಲ್ಲಿದ್ದಾಗಲೇ 1956ರಲ್ಲಿ ಹಳೇ ಆಸ್ಟಿನ್ 7 ಕಾರಿನಿಂದ ಸ್ಪೆಷಲ್ ಕಾರು ಕಟ್ಟುವುದು ಹೇಗೆ ಅಂತ ಕಿರುಪುಸ್ತಕ ಮಾಡಿದ. 250 ಪ್ರತಿ ಹತ್ತು ದಿನದಲ್ಲಿ ಖಾಲಿ. ಮುಂದೆ ಬ್ರಿಟಿಷ್ ವಾಯುಪಡೆ ಸೇರಿ ಏಡನ್‌ನಲ್ಲಿದ್ದಾಗ ಗೆಳೆಯನೊಬ್ಬ ಆಸ್ಟಿನ್-ಹೀಲಿ ಸ್ಪ್ರೈಟ್ ಕೊಂಡ. ಕಪ್ಪೆಗಣ್ಣಿನಂಥ ಹೆಡ್‌ಲೈಟಿನ ಪುಟ್ಟ ಕಾರು ಅದು. ಅದನ್ನು ರಿಪೇರಿ ಮಾಡಲು ಕೂತಾಗ ಹೇನ್ಸ್‌ಗೆ ಒಂದು ವಿಷಯ ಹೊಳೆಯಿತು: ಕಂಪನಿಯವರ ಮ್ಯಾನ್ಯುಯಲ್ ಇರುವುದು ಸಾಮಾನ್ಯ ಮಾಲೀಕನಿಗಲ್ಲ. ತರಬೇತಿ ಪಡೆದ ಮೆಕ್ಯಾನಿಕ್ಕಿಗೆ, ಕಂಪನಿಯ ವಿಶೇಷ ಟೂಲ್ ಇರುವವನಿಗೆ ಬರೆದ ಪುಸ್ತಕ ಅದು. ಆತ ಎಂಜಿನ್ನನ್ನು ಪೂರ್ತಿ ಬಿಚ್ಚಿ, ಪ್ರತಿ ಹಂತದ ಫೋಟೋ ತೆಗೆದು, ಮತ್ತೆ ಜೋಡಿಸಿದ. 1966ರಲ್ಲಿ ಸ್ಪ್ರೈಟ್ ಕುರಿತ ಮೊದಲ ಹೇನ್ಸ್ ಮ್ಯಾನ್ಯುಯಲ್ ಬಂತು. ಮೊದಲ ಮುದ್ರಣದ 3,000 ಪ್ರತಿಗಳು ಮೂರು ತಿಂಗಳೊಳಗೆ ಮಾರಾಟವಾದವು.

ಸುಮ್ಮನೆ ಯೋಚಿಸಿ. ಮಾಡಿದವನು ಬರೆದ ಡಾಕ್ಯುಮೆಂಟಿಗೂ ಬಿಚ್ಚಿದವನು ಬರೆದ ಡಾಕ್ಯುಮೆಂಟಿಗೂ ಎಷ್ಟು ವ್ಯತ್ಯಾಸ! ಮಾಡಿದವನಿಗೆ ಎಲ್ಲ ಗೊತ್ತು, ಹಾಗಾಗಿ ಯಾವುದನ್ನು ಹೇಳಬೇಕು ಅನ್ನುವುದೇ ಮರೆತುಹೋಗಿರುತ್ತೆ. ಬಿಚ್ಚಿದವನಿಗೆ ಯಾವ ಬೋಲ್ಟು ಕೈಗೆ ಸಿಗಲಿಲ್ಲ ಅನ್ನೋದು ನೆನಪಿರುತ್ತೆ.

ಬೋಲ್ಟು ಅಂದಾಗ ನೆನಪಾಯಿತು. ಲೆಗಸಿ ಅಂದರೇನು ಅಂತ ಯಾರಿಗಾದರೂ ವಿವರಿಸಬೇಕಿದ್ದರೆ ಎಂಜಿ ಟಿಸಿಯ ನಟ್ಟುಬೋಲ್ಟು ತೋರಿಸಿದರೆ ಸಾಕು. ಬ್ರಿಟನ್ನಿನಲ್ಲಿ 1841ರಿಂದ ಜೋಸೆಫ್ ವಿಟ್‌ವರ್ತ್ ಹಾಕಿಕೊಟ್ಟ ಇಂಚಿನ ಮರೆ ನಡೆಯುತ್ತಿತ್ತು. ಆದರೆ ಟಿಸಿಯ ಎಂಜಿನ್ನಿನ ಬೋಲ್ಟುಗಳ ಮರೆ ಮೆಟ್ರಿಕ್! ಯಾಕೆ? ಮೊದಲ ಮಹಾಯುದ್ಧದ ಸಮಯದಲ್ಲಿ ಹಾಚ್‌ಕಿಸ್ ಎಂಬ ಫ್ರೆಂಚ್ ಬಂದೂಕು ಕಂಪನಿ ತನ್ನ ಯಂತ್ರಗಳೊಂದಿಗೆ ಕವೆಂಟ್ರಿಗೆ ಬಂದು ಕಾರ್ಖಾನೆ ಹಾಕಿತು. ಯುದ್ಧ ಮುಗಿದು ಬಂದೂಕು ಬೇಡವಾದಾಗ ಅಲ್ಲೇ ಮಾರಿಸ್‌ಗೆ ಎಂಜಿನ್ ಮಾಡಲು ನಿಂತಿತು. 1923ರಲ್ಲಿ ಮಾರಿಸ್ ಆ ಕಾರ್ಖಾನೆಯನ್ನೇ ಕೊಂಡ. ಯಂತ್ರಗಳೆಲ್ಲ ಮೆಟ್ರಿಕ್, ಬದಲಾಯಿಸಲು ಖರ್ಚು. ಆದರೆ ದೇಶದ ಮೆಕ್ಯಾನಿಕ್ಕುಗಳ ಕೈಯಲ್ಲಿರುವುದು ವಿಟ್‌ವರ್ತ್ ಸ್ಪ್ಯಾನರು. ಪರಿಹಾರ? ಮರೆ ಫ್ರೆಂಚ್ ಅಳತೆಯದ್ದು, ತಲೆ ಮಾತ್ರ ಇಂಗ್ಲಿಷ್ ಅಳತೆಯದ್ದು. ಇಂಟರ್‌ಫೇಸ್ ಹಾಗೇ ಇಟ್ಟು ಒಳಗಿನದ್ದನ್ನು ಬೇರೆ ಮಾಡುವುದು ಅಂದರೆ ಇದೇ ತಾನೆ? ಈ ಬೋಲ್ಟು 1955ರ ಟಿಎಫ್‌ವರೆಗೂ ಬದುಕಿತ್ತು. ಇತ್ತ 1948ರಲ್ಲಿ ಬ್ರಿಟನ್, ಅಮೆರಿಕ, ಕೆನಡಾ ಸೇರಿ ಒಂದೇ ಮರೆಯ ಒಪ್ಪಂದ ಮಾಡಿಕೊಂಡದ್ದರಿಂದ ಎಂಜಿಎ, ಎಂಜಿಬಿಗಳಲ್ಲಿ ಮತ್ತೆ ಬೇರೆಯದೇ ಸೆಟ್ ಸ್ಪ್ಯಾನರ್ ಬೇಕು. ಇಷ್ಟೆಲ್ಲ ಕಾರ್ಖಾನೆಯ ಗೋಡೆಯೊಳಗೇ ಉಳಿದಿದ್ದರೆ, ಮನೆಯಲ್ಲಿ ರಿಪೇರಿಗೆ ಕೂತವನು ಮೊದಲ ಬೋಲ್ಟಿನಲ್ಲೇ ಮರೆ ಹಾಳುಮಾಡಿ ಕೈಚೆಲ್ಲುತ್ತಿದ್ದ.

ಎರಡು ವರ್ಷದ ಹಿಂದೆ ಆನ್‌ಸೈಟ್ ಅಂತ ಕವೆಂಟ್ರಿಯಲ್ಲಿ ಐದು ತಿಂಗಳಿದ್ದೆ. ಹೋಗಿದ್ದು ಕೆಟಿಗೆ. ಹಳೆಯ ಸಿಸ್ಟಮ್ಮೊಂದನ್ನು ನೋಡಿಕೊಳ್ಳುತ್ತಿದ್ದವರು ರಿಟೈರಾಗುವ ಮುಂಚೆ ಅವರ ತಲೆಯಲ್ಲಿರುವುದನ್ನು ನಮ್ಮ ತಲೆಗೆ ಸುರಿದುಕೊಳ್ಳುವ ಕೆಲಸ. ಅವರ ಡಾಕ್ಯುಮೆಂಟು ನಾಲ್ಕು ಪುಟ, ಅದರಲ್ಲಿ ಒಂದು ಪುಟ ಬರೀ ಹೆಸರುಗಳು, ಆ ಹೆಸರಿನವರೆಲ್ಲ ಕೆಲಸ ಬಿಟ್ಟಾಗಿತ್ತು. ವಾರವಿಡೀ ಇದರಲ್ಲಿ ತಲೆ ಕೆಡಿಸಿಕೊಂಡು ಶನಿವಾರ ಹೊರಗೆ ಬಂದರೆ ಪಕ್ಕದ ಮನೆಯಲ್ಲಿ ರಿಟೈರ್ಡ್ ಮೇಷ್ಟ್ರೊಬ್ಬರು, ವಯಸ್ಸು ಎಪ್ಪತ್ತು ದಾಟಿದೆ, ತಮ್ಮ 1966ರ ಎಂಜಿಬಿಯ ಬಾನೆಟ್ ಎತ್ತಿ ಕೂತಿರುತ್ತಿದ್ದರು. ನಾನು ಬೇಲಿ ಪಕ್ಕ ನಿಂತು ನೋಡುತ್ತಿದ್ದೆ. ಎರಡನೇ ಶನಿವಾರ ಕೈಗೆ ಟಾರ್ಚು ಕೊಟ್ಟರು. ನನ್ನ ನಿಜವಾದ ಕೆಟಿ ಅವತ್ತು ಶುರುವಾಯಿತು ಅನ್ನಬಹುದು :-)

ಅವರ ಮೊದಲ ಪಾಠ, ಸ್ಪ್ಯಾನರ್ ಮುಟ್ಟುವ ಮುಂಚೆ ಕಿವಿ ಕೊಡು. ಎಂಜಿಬಿಯಲ್ಲಿ ಕೀ ತಿರುಗಿಸಿದರೆ ಹಿಂಭಾಗದಿಂದ ಟಿಕ್ ಟಿಕ್ ಟಿಕ್ ಅಂತ ಸದ್ದು ಬರುತ್ತೆ. ಅದು ಎಸ್‌ಯು ಕಂಪನಿಯ ಪೆಟ್ರೋಲ್ ಪಂಪು. ಸ್ವಲ್ಪ ಹೊತ್ತು ಟಿಕ್ಕಿಸಿ ನಿಂತರೆ ಕಾರ್ಬುರೇಟರ್ ತುಂಬಿದೆ ಅಂತ ಅರ್ಥ. ನಿಲ್ಲದೇ ಟಿಕ್ಕಿಸುತ್ತಿದ್ದರೆ ಎಲ್ಲೋ ಸೋರುತ್ತಿದೆ, ಇಲ್ಲಾ ಟ್ಯಾಂಕು ಖಾಲಿ. ಸದ್ದೇ ಇಲ್ಲದಿದ್ದರೆ ಕರೆಂಟು ತಲುಪಿಲ್ಲ, ಅಥವಾ ಪಂಪಿನೊಳಗಿನ ಪಾಯಿಂಟ್ ಸುಟ್ಟಿದೆ. ಸ್ಪ್ಯಾನರಿನ ಹಿಡಿಯಿಂದ ಮೆಲ್ಲಗೆ ಕುಟ್ಟಿದರೆ ಮತ್ತೆ ಶುರುವಾಗುವುದೂ ಉಂಟು. ರೀಸ್ಟಾರ್ಟ್ ಮಾಡಿದರೆ ಸರಿಹೋಗುವ ಸರ್ವರ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎರಡನೇ ಪಾಠ, ಕಾರ್ಬುರೇಟರನ್ನು ಕೊನೆಗೆ ಮುಟ್ಟು. ಎಂಜಿನ್ನು ಕೆಮ್ಮಿದ ತಕ್ಷಣ ಎಲ್ಲರ ಕೈ ಹೋಗುವುದು ಅಲ್ಲಿಗೇ, ಆದರೆ ಹೆಚ್ಚಿನ ಸಲ ತಪ್ಪಿರುವುದು ಕಿಡಿ ಕೊಡುವ ಭಾಗದಲ್ಲಿ. ಮೊದಲು ವಾಲ್ವ್, ಆಮೇಲೆ ಪ್ಲಗ್ಗು, ಆಮೇಲೆ ಡಿಸ್ಟ್ರಿಬ್ಯೂಟರಿನ ಸಿಬಿ ಪಾಯಿಂಟ್, ಟೈಮಿಂಗ್, ಕೊನೆಗೆ ಕಾರ್ಬುರೇಟರ್. ಸಿಬಿ ಪಾಯಿಂಟಿನ ಗ್ಯಾಪ್ ಇಂಚಿನ ಸಾವಿರದಲ್ಲಿ 15 ಭಾಗ, ಅಂದರೆ 0.38 ಮಿಲಿಮೀಟರ್. ವಾಲ್ವಿಗೆ ಒಂದು ಚೆಂದದ ಲೆಕ್ಕವಿದೆ. ನಾಲ್ಕು ಸಿಲಿಂಡರಿಗೆ ಎಂಟು ವಾಲ್ವು, ಮುಂದಿನಿಂದ 1, 2, 3 ಅಂತ ಎಣಿಸಿ. 1ನೆಯದು ಪೂರ್ತಿ ತೆರೆದಿದ್ದಾಗ 8ನೆಯದನ್ನು ಸರಿಮಾಡಬೇಕು, 3 ತೆರೆದಿದ್ದಾಗ 6ನೆಯದನ್ನು. ಕೂಡಿದರೆ ಯಾವಾಗಲೂ ಒಂಬತ್ತು! ಎಂಜಿನ್ ಮನೆತನ ಒಂದೇ ಆದ್ದರಿಂದ ಪೆಟ್ರೋಲ್ ಅಂಬಾಸಿಡರಿಗೂ ಈ ಲೆಕ್ಕ ಸಲ್ಲುತ್ತೆ.

ಕಾರ್ಬುರೇಟರಿಗೂ ಒಂದು ಹಿನ್ನೆಲೆ ಇದೆ. ಎಸ್‌ಯು ಅಂದರೆ ಸ್ಕಿನ್ನರ್ಸ್ ಯೂನಿಯನ್. 1905ರ ಸುಮಾರಿಗೆ ಇದನ್ನು ಕಂಡುಹಿಡಿದ ಜಾರ್ಜ್ ಸ್ಕಿನ್ನರ್‌ನದು ಚಪ್ಪಲಿ-ಬೂಟು ವ್ಯಾಪಾರದ ಮನೆತನ, ಮೊದಲ ಕಾರ್ಬುರೇಟರಿನೊಳಗೆ ಇದ್ದದ್ದು ಚರ್ಮದ ತಿದಿ. ಮುಂದೆ ಅದರ ಜಾಗಕ್ಕೆ ಲೋಹದ ಪಿಸ್ಟನ್ ಬಂತು. ಎಂಜಿನ್ನು ಹೆಚ್ಚು ಗಾಳಿ ಎಳೆದರೆ ಪಿಸ್ಟನ್ ಮೇಲೇಳುತ್ತೆ, ಅದರ ತುದಿಗಿರುವ ಚೂಪು ಸೂಜಿಯೂ ಮೇಲೆದ್ದು ಪೆಟ್ರೋಲಿಗೆ ಹೆಚ್ಚು ದಾರಿ ಬಿಡುತ್ತೆ. ಅಷ್ಟೇ. ಪರೀಕ್ಷೆಯೂ ಅಷ್ಟೇ ಸರಳ. ಎಂಜಿನ್ನು ನಿಧಾನಕ್ಕೆ ಓಡುತ್ತಿರುವಾಗ ಪಿಸ್ಟನ್ನನ್ನು ಕೂದಲೆಳೆಯಷ್ಟು ಎತ್ತಿ. ವೇಗ ಏರಿ ಹಾಗೇ ನಿಂತರೆ ಪೆಟ್ರೋಲ್ ಜಾಸ್ತಿ. ಎಂಜಿನ್ನು ಆರಿಹೋದರೆ ಪೆಟ್ರೋಲ್ ಕಮ್ಮಿ. ಒಂದು ಕ್ಷಣ ಏರಿ ಇಳಿದರೆ ಸರಿಯಾಗಿದೆ. ಎಂಜಿಬಿಯಲ್ಲಿ ಇಂಥವು ಎರಡು. ಎರಡೂ ಒಂದೇ ಸಮ ಉಸಿರಾಡುತ್ತಿವೆಯೇ ಅಂತ ತಿಳಿಯಲು ಮೇಷ್ಟ್ರು ಒಂದು ರಬ್ಬರ್ ಟ್ಯೂಬನ್ನು ಕಿವಿಗಿಟ್ಟುಕೊಂಡು ಇನ್ನೊಂದು ತುದಿಯನ್ನು ಒಂದೊಂದರ ಬಾಯಿಗೆ ಹಿಡಿಯುತ್ತಿದ್ದರು. ನನಗೂ ಕೇಳಿಸಿದರು. ಎರಡೂ ಕಡೆ ಒಂದೇ ಥರ 'ಸ್ಸ್...' ಅಂದಾಗ ಆಗುವ ಸಮಾಧಾನ ಯಾವ ಟೆಸ್ಟ್ ಕೇಸ್ ಪಾಸಾದಾಗಲೂ ನನಗೆ ಆಗಿಲ್ಲ.

ಇನ್ನು ಬಡಪಾಯಿ ಲೂಕಾಸ್. ಮೇಷ್ಟ್ರ ಪ್ರಕಾರ ಅವನಿಗೆ ಸಿಕ್ಕ ಬೈಗುಳದಲ್ಲಿ ಅರ್ಧ ಸೇರಬೇಕಾದ್ದು ಮಳೆಗೆ. ವೈರುಗಳನ್ನು ಜೋಡಿಸುವ ಕನೆಕ್ಟರುಗಳಿಗೆ ನೀರು ತಾಗಿ ಕಿಲುಬು ಹಿಡಿಯುತ್ತೆ, ಬಾಡಿಗೆ ಕೂರಿಸಿದ ಅರ್ಥಿಂಗ್ ಜಾಗದಲ್ಲಿ ತುಕ್ಕು ಬರುತ್ತೆ, ದೀಪ ಮಂಕಾಗುತ್ತೆ. ಉಳಿದರ್ಧ ಜಿಪುಣತನಕ್ಕೆ, ಏಕೆಂದರೆ ಮೊದಲ ಎಂಜಿಬಿಗಳಲ್ಲಿ ಇಡೀ ಕಾರಿಗೆ ಎರಡೇ ಫ್ಯೂಸು. ಸಾಲದ್ದಕ್ಕೆ ಆ ಕಾಲದ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯೇ ಅರ್ಥ್. ಎಂಜಿಬಿ ಇದನ್ನು ತಿರುಗಿಸಿದ್ದು 1967ರಲ್ಲಿ. ಆದರೆ ಒಂದು ವಿಷಯಕ್ಕೆ ಲೂಕಾಸ್‌ಗೆ ಕೈಮುಗಿಯಬೇಕು, ವೈರಿನ ಬಣ್ಣಕ್ಕೆ. ಕಂದು ಅಂದರೆ ಸದಾ ಕರೆಂಟಿರುವ ವೈರು. ಬಿಳಿ ಅಂದರೆ ಕೀ ತಿರುಗಿಸಿದಾಗ ಬರುವ ಕರೆಂಟು. ಹಸಿರು ಅಂದರೆ ಅದೇ ಕರೆಂಟು ಫ್ಯೂಸ್ ದಾಟಿ ಬಂದದ್ದು. ನೀಲಿ ಹೆಡ್‌ಲೈಟಿಗೆ, ಕಪ್ಪು ಅರ್ಥಿಗೆ. ಬೇರೆ ಬೇರೆ ಕಂಪನಿಗಳ ಬ್ರಿಟಿಷ್ ಕಾರುಗಳಲ್ಲೂ ಇದೇ ಪದ್ಧತಿ. ಒಂದು ಬಲ್ಬಿಗೆ ಎರಡು ವೈರು ಕಟ್ಟಿಕೊಂಡು ಬಣ್ಣ ಹಿಡಿದು ಹೊರಟರೆ ಕರೆಂಟು ಎಲ್ಲಿ ನಿಂತಿದೆ ಅಂತ ಯಾರು ಬೇಕಾದರೂ ಹುಡುಕಬಹುದು. ಇಂಥ ಶಿಸ್ತಿನ ವೇರಿಯೆಬಲ್ ಹೆಸರುಗಳನ್ನು ನಾನು ಕೆಟಿಗೆ ಹೋದ ಕೋಡಿನಲ್ಲಿ ಕನಸಲ್ಲೂ ಕಂಡಿರಲಿಲ್ಲ!

ಈಗ ಇತಿಹಾಸದ ದುಃಖದ ಭಾಗ. 1968ರಲ್ಲಿ ಎಂಜಿ, ಟ್ರಯಂಫ್ ಎಲ್ಲ ಬ್ರಿಟಿಷ್ ಲೇಲ್ಯಾಂಡ್ ಎಂಬ ಒಂದೇ ದೊಡ್ಡ ಕೊಡೆಯ ಕೆಳಗೆ ಬಂದವು. ಮುಷ್ಕರ, ನಷ್ಟ, ಒಳಜಗಳ. 1975ರಲ್ಲಿ ಸರ್ಕಾರವೇ ಕಂಪನಿಯನ್ನು ವಹಿಸಿಕೊಳ್ಳಬೇಕಾಯಿತು. 1979ರ ಸೆಪ್ಟೆಂಬರಿನಲ್ಲಿ ಅಬಿಂಗ್ಡನ್ ಊರು ಎಂಜಿ ಬಂದು ಐವತ್ತು ವರ್ಷ ಆದದ್ದನ್ನು ಸಂಭ್ರಮಿಸಿತು. ಸಂಭ್ರಮ ಮುಗಿದ ಬೆನ್ನಿಗೇ, ಸೆಪ್ಟೆಂಬರ್ 10ರ ಸೋಮವಾರ, ಕಾರ್ಖಾನೆ ಮುಚ್ಚುವ ಸುದ್ದಿ ಬಂತು. 1980ರ ಅಕ್ಟೋಬರಿನಲ್ಲಿ ಕೊನೆಯ ಎಂಜಿಬಿ ಹೊರಬಂತು. ಅದೇ ವರ್ಷ ಸ್ಪಿಟ್‌ಫೈರ್ ಕೂಡ ನಿಂತಿತು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಏಕೆಂದರೆ ರಿಪೇರಿಯ ವಿದ್ಯೆ ಅಷ್ಟರಲ್ಲಾಗಲೇ ಕಾರ್ಖಾನೆಯ ಗೇಟು ದಾಟಿ ಮನೆಮನೆ ಸೇರಿತ್ತು. 1930ರಿಂದಲೇ ಎಂಜಿ ಕಾರ್ ಕ್ಲಬ್ ಇತ್ತು, ಹೇನ್ಸ್ ಪುಸ್ತಕ ಇತ್ತು, ಸಾಧಾರಣ ಕಾರುಗಳಿಗೂ ಬೇಕಾಗುವ ಬಿಡಿಭಾಗಗಳ ಅಂಗಡಿಗಳಿದ್ದವು. ಕಿಂಬರ್ ಕಾಲದ ಜಿಪುಣತನ ಫಲ ಕೊಟ್ಟದ್ದು ಇಲ್ಲೇ. ಉಳಿದದ್ದು ತುಕ್ಕು. ಎಂಜಿಬಿಗೆ ಬೇರೆ ಚಾಸಿ ಇಲ್ಲ, ಬಾಗಿಲ ಕೆಳಗಿನ ತಗಡಿನ ಪೆಟ್ಟಿಗೆಯೇ ಬೆನ್ನೆಲುಬು. ಅದು ತುಕ್ಕು ಹಿಡಿದರೆ ಕಾರು ನಡುವೆ ಜಗ್ಗಿ ಬಾಗಿಲೇ ಹಾಕಲು ಬರುವುದಿಲ್ಲ. ಇದಕ್ಕೆ ಯಾವ ಪುಸ್ತಕವೂ ಸಾಲದು. ಆಗ ಬ್ರಿಟಿಷ್ ಮೋಟರ್ ಹೆರಿಟೇಜ್ ಎಂಬ ಸಂಸ್ಥೆ ಹಳೆಯ ಡೈಗಳನ್ನು ಹುಡುಕಿ ಒಟ್ಟುಮಾಡಿ, ಕಾರ್ಖಾನೆ ಮುಚ್ಚಿದ ಎಂಟು ವರ್ಷದ ಮೇಲೆ, 1988ರಲ್ಲಿ, ಎಂಜಿಬಿಯ ಹೊಚ್ಚಹೊಸ ಬಾಡಿಗಳನ್ನು ಮಾರಲು ಶುರುಮಾಡಿತು. ಹಳೇ ಎಂಜಿನ್ನು, ಹಳೇ ಚಕ್ರ, ಹೊಸ ಮೈ! 1992ರಲ್ಲಿ ರೋವರ್ ಕಂಪನಿ ಈ ಬಾಡಿಯನ್ನೇ ಆಧಾರವಾಗಿಟ್ಟುಕೊಂಡು ಎಂಜಿ ಆರ್‌ವಿ8 ಎಂಬ ಹೊಸ ಕಾರನ್ನೇ ತಂದಿತು. ಸತ್ತವನ ಬಟ್ಟೆ ಹೊಲಿಸಿಕೊಂಡು ಮನೆಯವರೇ ಹಾಕಿಕೊಂಡಂತೆ.

ಆಮೇಲೂ ಹೊಸ ಹೊಸ ಬಗ್‌ಗಳು ಬಂದವು. 2000ದ ಜನವರಿ 1ರಿಂದ ಬ್ರಿಟನ್ನಿನಲ್ಲಿ ಸೀಸ ಬೆರೆಸಿದ ಪೆಟ್ರೋಲ್ ನಿಂತಿತು. ಈ ಎಂಜಿನ್ನುಗಳಲ್ಲಿ ವಾಲ್ವ್ ಕೂರುವ ಜಾಗ ಸವೆಯದಂತೆ ಕಾಯುತ್ತಿದ್ದದ್ದು ಆ ಸೀಸವೇ. ಗಟ್ಟಿ ಲೋಹದ ಸೀಟು ಕೂರಿಸಿ ದಾಟಿಕೊಂಡರು. 2021ರಲ್ಲಿ ಅಲ್ಲಿ ಹತ್ತು ಶೇಕಡಾದವರೆಗೆ ಎಥನಾಲ್ ಇರುವ ಪೆಟ್ರೋಲೇ ಸಾಮಾನ್ಯ ಪೆಟ್ರೋಲ್ ಆಯಿತು, ಹಳೇ ರಬ್ಬರ್ ಪೈಪುಗಳಿಗೆ ಅದು ಆಗಿಬರುವುದಿಲ್ಲ. ಪೈಪು ಬದಲಿಸಿದರು. ಯಾವ ಕಂಪನಿಯೂ ಪ್ಯಾಚ್ ಕಳಿಸಲಿಲ್ಲ, ಕಳಿಸಲು ಕಂಪನಿಯೇ ಇರಲಿಲ್ಲ.

ಇದೆಲ್ಲ ಹೇಳಿ ಆ ಕಾರುಗಳು ಒಳ್ಳೆಯವು ಅಂತ ನಾನು ಸಾಧಿಸುತ್ತಿಲ್ಲ ಮಾರಾಯ್ರೆ. ಮಳೆ ಬಂದರೆ ಒಳಗೆ ಸೋರುತ್ತೆ, ಏರ್‌ಬ್ಯಾಗ್ ಇಲ್ಲ. ದಿನಾ ಆಫೀಸಿಗೆ ಸಿಲ್ಕ್ ಬೋರ್ಡ್ ದಾಟಲು ನನಗೆ ಯಾರಾದರೂ ಪುಕ್ಕಟೆ ಕೊಟ್ಟರೂ ಬೇಡ. ಅವು ಉಳಿದದ್ದು ಗಟ್ಟಿತನದಿಂದ ಅಲ್ಲವೇ ಅಲ್ಲ. ಕೆಡುತ್ತಿದ್ದವು, ಹಾಗಾಗಿ ಜನ ಬಿಚ್ಚಿದರು. ಬಿಚ್ಚಿದವರಲ್ಲಿ ಕೆಲವರು ಬರೆದಿಟ್ಟರು. ಆ ಬರೆದಿಟ್ಟದ್ದು ಕಾರ್ಖಾನೆಗಿಂತ ಹೆಚ್ಚು ಬಾಳಿತು.

ನನ್ನನ್ನು ಕೊರೆಯುತ್ತಿರುವುದು ಇದೇ. ಅದೇ ಮನೆತನದ ಎಂಜಿನ್ನು ನಮ್ಮ ರಾಜ್ಯದಲ್ಲೂ ದಶಕಗಟ್ಟಲೆ ಓಡಿತು. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಕಲಾಸಿಪಾಳ್ಯದಲ್ಲೋ, ಹುಬ್ಬಳ್ಳಿಯಲ್ಲೋ, ನಿಮ್ಮೂರಿನ ಹುಣಸೆಮರದ ಕೆಳಗೋ, ಸದ್ದು ಕೇಳಿಯೇ ಯಾವ ವಾಲ್ವು ಅಂತ ಹೇಳುತ್ತಿದ್ದ ಮೇಸ್ತ್ರಿಗಳಿದ್ದರು, ಈಗಲೂ ಕೆಲವರಿದ್ದಾರೆ. ಅವರು ಶಿಷ್ಯರಿಗೆ ಪಾಠ ಹೇಳಿದ್ದು ಕನ್ನಡದಲ್ಲಿ, ಉರ್ದುವಿನಲ್ಲಿ. ಅವರ ವಿದ್ಯೆಯನ್ನು ಅವರದೇ ಮಾತಿನಲ್ಲಿ, ಫೋಟೋ ಸಮೇತ ಬರೆದಿಟ್ಟ ಒಂದು ಕನ್ನಡ ಪುಸ್ತಕವನ್ನು ನಾನಂತೂ ಕಂಡಿಲ್ಲ. ಕಾರು ಮಾತ್ರವಲ್ಲ, ನೀರೆತ್ತುವ ಡೀಸೆಲ್ ಪಂಪು, ಕೈಮಗ್ಗ, ಆಲೆಮನೆಯ ಗಾಣ, ಹೊಲಿಗೆ ಮೆಷೀನು ಎಲ್ಲದಕ್ಕೂ ಇಂಥ ಒಬ್ಬರಿರುತ್ತಾರೆ. ಆ ಮೇಸ್ತ್ರಿ ಹೋದ ದಿನ ಡಾಕ್ಯುಮೆಂಟೂ ಹೋಯಿತು.

ಹೇನ್ಸ್ 2019ರಲ್ಲಿ ತೀರಿಕೊಂಡ. ಆತ ಮೊದಲ ಮ್ಯಾನ್ಯುಯಲ್ ತಂದಾಗ ವಯಸ್ಸು ಇಪ್ಪತ್ತೆಂಟು, ಹೆಚ್ಚುಕಮ್ಮಿ ನನ್ನ ವಯಸ್ಸು. ಬೇಕಾದದ್ದು ಒಂದು ಕ್ಯಾಮೆರಾ, ಒಂದಿಷ್ಟು ತಾಳ್ಮೆ, ಬಿಚ್ಚುವವರ ಪಕ್ಕ ಟಾರ್ಚು ಹಿಡಿದು ನಿಲ್ಲುವ ವ್ಯವಧಾನ. ಕ್ಯಾಮೆರಾ ನಮ್ಮೆಲ್ಲರ ಜೇಬಿನಲ್ಲೇ ಇದೆ, ಬರೆಯುವ ಚಟವೂ ಇದೆ. ನಿಮ್ಮೂರಿನಲ್ಲಿ ಅಂಥ ಮೇಸ್ತ್ರಿ ಯಾರಿದ್ದಾರೆ? ಈ ಶನಿವಾರ ಬಿಡುವಿದೆಯಾ?